ಬೆಟ್ಟದ ಶಿಕಾರಿಗೆ ಹಗುರ ರೈಫಲ್: ತೂಕವನ್ನು ಎಲ್ಲಿಂದ ಇಳಿಸಬೇಕು?

(ತುಮಕೂರಿನಲ್ಲಿ ರೈಫಲ್ ಗುರಿ ಅಭ್ಯಾಸ ಮಾಡುವವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಸೇರಿವೆ.)

ಮಾನ್ಯರೇ,

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ಇದೇ ಸಭೆಯಲ್ಲಿದೆ. ಇಲ್ಲಿ ಕುಳಿತಿರುವ ಹಲವರ ಮಕ್ಕಳು, ಅಳಿಯಂದಿರು ನ್ಯೂಜಿಲೆಂಡ್, ಕೆನಡಾ, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕೆಲವರು ಅಲ್ಲಿನ ಪರವಾನಗಿ ಪಡೆದು ಬೆಟ್ಟದ ಶಿಕಾರಿಗೆ ಹೋಗುತ್ತಾರೆ, ಯಾವ ರೈಫಲ್ ಕೊಳ್ಳಬೇಕೆಂದು ಊರಿಗೆ ಫೋನ್ ಮಾಡಿ ಕೇಳುತ್ತಾರೆ. ನಮ್ಮ ನೆಲದ ಮಟ್ಟಿಗೆ ಈ ಪ್ರಶ್ನೆಯೇ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯೆಂಬುದು ನಮ್ಮಲ್ಲಿ ಅಪರಾಧವಾಗಿದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಇಂದಿಗೂ ಉಳಿದಿರುವುದಕ್ಕೆ ಆ ಕಾಯ್ದೆಗೂ ಪಾಲು ಸಲ್ಲಬೇಕು. ಆದರೆ ನ್ಯೂಜಿಲೆಂಡಿನ ಸ್ಥಿತಿ ಬೇರೆ. ಅಲ್ಲಿಗೆ 1904ರಲ್ಲಿ ತಂದು ಬಿಟ್ಟ ಹಿಮಾಲಯದ ಥಾರ್ ಎಂಬ ಕಾಡುಮೇಕೆಗೆ ಹಿಡಿದು ತಿನ್ನುವ ಪ್ರಾಣಿಯೇ ಇಲ್ಲದೆ, ಅದು ಅಲ್ಲಿನ ಬೆಟ್ಟದ ಸಸ್ಯಗಳನ್ನು ಮೇಯ್ದು ಬರಿದು ಮಾಡುತ್ತಿರುವುದರಿಂದ, ಸರ್ಕಾರವೇ ಶಿಕಾರಿಯನ್ನು ಪ್ರೋತ್ಸಾಹಿಸುತ್ತದೆ. ನೇಪಾಳದ ಧೋರ್ಪಾಟನ್ ಎಂಬ ಮೀಸಲು ಪ್ರದೇಶದಲ್ಲಿ ನೀಲಿ ಕುರಿ ಮತ್ತು ಥಾರ್‌ಗಳನ್ನು ಮಿತಿಯೊಳಗೆ ಬೇಟೆಯಾಡಲು ಅನುಮತಿಯಿದೆ. ನಾನು ಮಾತನಾಡುವುದು ಇಂಥ ಕಡೆ ಕಾನೂನಿನೊಳಗೆ ನಡೆಯುವ ಶಿಕಾರಿಯ ಬಗ್ಗೆ. ಅದರಲ್ಲೂ ಅದಕ್ಕೆ ಬೇಕಾದ ಯಂತ್ರದ ಬಗ್ಗೆಯೇ ಹೆಚ್ಚು, ಏಕೆಂದರೆ ಜೀವಮಾನವಿಡೀ ಟೂಲ್‌ರೂಮಿನಲ್ಲಿ, ಅಂದರೆ ಕಾರ್ಖಾನೆಯ ಉಪಕರಣ ತಯಾರಿಸುವ ವಿಭಾಗದಲ್ಲಿ, ದುಡಿದ ನನಗೆ ಅಧಿಕಾರದಿಂದ ಹೇಳಬಲ್ಲ ಭಾಗ ಅದೊಂದೇ.

ಬಯಲಿನ ಶಿಕಾರಿಗೂ ಬೆಟ್ಟದ ಶಿಕಾರಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಬೆಟ್ಟದಲ್ಲಿ ರೈಫಲನ್ನು ದಿನವಿಡೀ ಹೊರಬೇಕು, ಹಾರಿಸುವುದು ಮಾತ್ರ ಒಂದು ಸಲ, ಹೆಚ್ಚೆಂದರೆ ಎರಡು ಸಲ. ನಾಲ್ಕೂವರೆ ಕೆ.ಜಿ. ತೂಗುವ ಗುರಿಸ್ಪರ್ಧೆಯ ರೈಫಲನ್ನು ಹೆಗಲಿಗೇರಿಸಿಕೊಂಡು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ನೋಡಿ ಎಂದು ಹೇಳಬೇಕೆನಿಸಿದರೂ ಆಯುಧ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಅಷ್ಟೇ ತೂಕದ ಮರಳನ್ನು ಉದ್ದನೆಯ ಚೀಲದಲ್ಲಿ ತುಂಬಿ, ಒಂದೇ ಹೆಗಲಿಗೆ ನೇತು ಹಾಕಿಕೊಂಡು ಹತ್ತಿದರೂ ವಿಷಯ ಅರ್ಥವಾಗುತ್ತದೆ. ಅರ್ಧ ದಾರಿಯಲ್ಲಿ, ಬಂಡೆಯ ಮೇಲೆ ಕಂಬಿ ಹಿಡಿದು ಹತ್ತುವ ಜಾಗದಲ್ಲಿ, ಒಂದು ಕೆ.ಜಿ. ಕಡಿಮೆಯಿದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದ್ದರಿಂದ ತಯಾರಕರು ಹಗುರವೆಂಬ ಗುಣವನ್ನೇ ಮುಂದೆ ಮಾಡಿ ಮಾರುತ್ತಾರೆ, ಕೊಳ್ಳುವವರೂ ಅದನ್ನೇ ನೋಡಿ ಕೊಳ್ಳುತ್ತಾರೆ.

ಎಡವುವುದು ಇಲ್ಲೇ. ಕ್ಯಾಟಲಾಗಿನಲ್ಲಿ ಅಚ್ಚಾಗಿರುವುದು ಬರೀ ರೈಫಲಿನ ತೂಕ. ಅಮೆರಿಕದ ಕಿಂಬರ್ ಕಂಪನಿಯ ಮೌಂಟನ್ ಅಸೆಂಟ್ ಎಂಬ ಮಾದರಿ ಸುಮಾರು 2.2 ಕೆ.ಜಿ. ತೂಗುತ್ತದೆ, ನಿಜಕ್ಕೂ ಅಚ್ಚರಿಯ ಕೆಲಸ ಅದು. ಅದರ ಮೇಲೆ ದೂರದ ಗುರಿಗೆಂದು 900 ಗ್ರಾಂ ತೂಗುವ ಸ್ಕೋಪ್ (ಗುರಿ ನೋಡುವ ದೂರದರ್ಶಕ), ಅದನ್ನು ಕೂರಿಸುವ 150 ಗ್ರಾಂ ರಿಂಗುಗಳು, ರೈಫಲಿನ ಮುಂಭಾಗಕ್ಕೆ ಆಸರೆಯಾಗುವ 400 ಗ್ರಾಂ ಮಡಿಸುವ ಕಾಲು, ಹೆಗಲಿಗೆ ನೇತುಹಾಕುವ ದಪ್ಪ ಮೆತ್ತೆಯ ಪಟ್ಟಿ, ಐದು ತೋಟಾ ಸೇರಿಸಿ ತೂಗಿದರೆ 3.9 ಕೆ.ಜಿ.ಯ ಸಮೀಪ ಬರುತ್ತದೆ. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್ ಸುಮಾರು 2.9 ಕೆ.ಜಿ.ಯದ್ದು, ಬೆಲೆಯಲ್ಲೂ ಬಹಳ ಕೆಳಗಿದೆ. ಅದಕ್ಕೆ 350 ಗ್ರಾಂ ಸ್ಕೋಪು, ಸಾದಾ ರಿಂಗು, ಸಾದಾ ಪಟ್ಟಿ, ನಾಲ್ಕು ತೋಟಾ ಹಾಕಿದರೆ 3.5 ಕೆ.ಜಿ. ಅಥವಾ ಅದಕ್ಕಿಂತ ತುಸು ಹೆಚ್ಚಾಗಬಹುದು. ಎರಡರಷ್ಟು ಹಣ ಕೊಟ್ಟು ತಂದ ಹಗುರ ರೈಫಲ್, ಬೆಟ್ಟದ ಬುಡದಲ್ಲಿ ತಕ್ಕಡಿಗೆ ಹಾಕಿದಾಗ ಇನ್ನೊಂದಕ್ಕಿಂತ ಭಾರವಾಗಿರುತ್ತದೆ. ಹೀಗಾಗಿ ಹೊರುವ ಒಟ್ಟು ತೂಕವನ್ನು ಮೊದಲು ಬರೆದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕೆಂಬುದು ನನ್ನ ಮೊದಲ ಸಲಹೆ.

ಹಗುರ ಬೋಲ್ಟ್ ರೈಫಲ್ ಹೊಸದೇನಲ್ಲ. ಬೋಲ್ಟ್ ಎಂದರೆ ಕೈಯಿಂದ ಹಿಂದೆ ಮುಂದೆ ಸರಿಸುವ, ತೋಟಾವನ್ನು ನಳಿಗೆಗೆ ತಳ್ಳಿ ಅದರ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿ. ಜರ್ಮನಿಯ ಮೌಸರ್ 1898ರಲ್ಲಿ ಪಕ್ವಗೊಳಿಸಿದ ಬೋಲ್ಟ್ ಇಂದಿಗೂ ಹೆಚ್ಚಿನ ಬೋಲ್ಟುಗಳ ತಾತ. 1903ರ ಮಾನ್‌ಲಿಕರ್ ಶೋನಾವರ್ ಎಂಬ ಗಿಡ್ಡ ರೈಫಲನ್ನು ಆಲ್ಪ್ಸ್ ಪರ್ವತದ ಬೇಟೆಗಾರರು ಬಹುಕಾಲ ಮೆಚ್ಚಿಕೊಂಡಿದ್ದರು. ಕುಮಾವೂನಿನ ಬೆಟ್ಟಗಳಲ್ಲಿ ಅಲೆದ ಜಿಮ್ ಕಾರ್ಬೆಟ್‌ಗೆ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಬಹುಮಾನವಾಗಿ ಸಿಕ್ಕಿದ್ದು ಲಂಡನ್ನಿನ ರಿಗ್ಬಿ ಕಂಪನಿಯ .275 ರೈಫಲ್ (ಇಂಥ ಅಂಕಿಗಳು ನಳಿಗೆಯ ತೂತಿನ ಅಗಲವನ್ನು ಅಂಗುಲದಲ್ಲಿ ಸುಮಾರಾಗಿ ಸೂಚಿಸುತ್ತವೆ), ಅದರ ಬೋಲ್ಟ್ ಮೌಸರ್‌ನದೇ, ತೋಟಾ ಕೂಡ ಮೌಸರ್‌ನ 7 ಮಿ.ಮೀ. ತೋಟಾವೇ. ನಮ್ಮ ಸೀಮೆಯ ಕಾಡುಗಳಲ್ಲಿ ಓಡಾಡಿದ ಕೆನೆತ್ ಆಂಡರ್ಸನ್ ಹಿಡಿದಿದ್ದು .405ರ ಲಿವರ್ ರೈಫಲ್, ಅಂದರೆ ಟ್ರಿಗರಿನ ಬಳಿಯ ಸನ್ನೆಯನ್ನು ಕೆಳಗೆಳೆದು ತೋಟಾ ತುಂಬುವಂಥದ್ದು. ಪೊದೆಯ ಮರೆಯಿಂದ ಹತ್ತಾರು ಹೆಜ್ಜೆ ದೂರಕ್ಕೆ ಹೊಡೆಯುವವರಿಗೆ ಅದು ಒಪ್ಪುವಂಥದ್ದು, ಕಣಿವೆಯಾಚೆಗೆ ಗುರಿಯಿಡುವವರಿಗಲ್ಲ. ಇವೆಲ್ಲ ಮರ ಮತ್ತು ಉಕ್ಕಿನ ಕಾಲದ ಮಾತು. 1980ರ ದಶಕದ ನಡುವಿನಲ್ಲಿ ಅಮೆರಿಕದ ಮೆಲ್ವಿನ್ ಫೋರ್ಬ್ಸ್ ಎಂಬವರು ಕೆವ್ಲಾರ್ ಮತ್ತು ಗ್ರಾಫೈಟ್ ನಾರುಗಳಿಂದ ಹಿಡಿ (ನಳಿಗೆಯನ್ನು ಹೊತ್ತು ಹೆಗಲಿಗೆ ಒರಗುವ ಭಾಗ) ಮಾಡಿ, ಇಡೀ ರೈಫಲನ್ನು ಎರಡೂಕಾಲು ಕೆ.ಜಿ.ಯ ಆಸುಪಾಸಿಗೆ ತಂದರು. ಇಂದಿನ ಹಗುರ ರೈಫಲುಗಳಲ್ಲಿ ಬಹುತೇಕವು ಅವರು ತೋರಿಸಿದ ದಾರಿಯಲ್ಲೇ ಸಾಗಿವೆ.

ಫೋರ್ಬ್ಸ್ ತೂಕ ಇಳಿಸಲು ಮೊದಲು ಕೈ ಹಾಕಿದ್ದು ಹಿಡಿಗೆ, ಅದೇ ಸರಿಯಾದ ಕ್ರಮ. ಅಕ್ರೋಟು ಮರದ ಹಿಡಿ ಸಾಮಾನ್ಯವಾಗಿ ಒಂದು ಕೆ.ಜಿ.ಯಷ್ಟು ತೂಗಿದರೆ ನಾರಿನ ಹಿಡಿ ಅದರ ಅರ್ಧಕ್ಕೆ ಮುಗಿಯುತ್ತದೆ. ಗುಂಡಿನ ವೇಗಕ್ಕಾಗಲಿ ನಳಿಗೆಯ ಬಿಗಿತಕ್ಕಾಗಲಿ ಇದರಿಂದ ನಷ್ಟವಿಲ್ಲ, ಲಾಭವೇ ಇದೆ. ಮಂಜು, ಮಳೆ ಬಿದ್ದಾಗ ಮರ ಉಬ್ಬಿ ಒಂದು ಕಡೆಯಿಂದ ನಳಿಗೆಯನ್ನು ಒತ್ತಲು ಶುರುವಿಟ್ಟರೆ ನಿನ್ನೆ ಸರಿಯಿದ್ದ ಗುರಿ ಇವತ್ತು ಪಕ್ಕಕ್ಕೆ ಸರಿದಿರುತ್ತದೆ, ನಾರಿನ ಹಿಡಿಗೆ ಆ ಕಾಟವಿಲ್ಲ. ಆದರೆ ಅಂಗಡಿಯಲ್ಲಿ ಸಿಂಥೆಟಿಕ್ ಎಂದು ಕರೆಯುವುದೆಲ್ಲ ಒಂದೇ ಅಲ್ಲ. ಅಚ್ಚಿಗೆ ಪ್ಲಾಸ್ಟಿಕ್ ಹುಯ್ದು ತೆಗೆದ ಅಗ್ಗದ ಹಿಡಿಯ ಮುಂಭಾಗವನ್ನು ನಳಿಗೆಯ ಜೊತೆ ಬೆರಳಿನಲ್ಲಿ ಅದುಮಿ ನೋಡಿ. ಅದು ಬಾಗಿ ನಳಿಗೆಗೆ ತಾಕಿದರೆ, ನಾಳೆ ಬಂಡೆಯ ಮೇಲೋ ಚೀಲದ ಮೇಲೋ ಇಟ್ಟು ಹೊಡೆಯುವಾಗಲೂ ಹಾಗೆಯೇ ತಾಕುತ್ತದೆ. ಇದಕ್ಕೆ ಉಪಕರಣ ಬೇಕಿಲ್ಲ. ಹತ್ತು ರೂಪಾಯಿಯ ನೋಟನ್ನು ನಳಿಗೆಯ ಕೆಳಗೆ ತೂರಿಸಿ, ಬಾಯಿಯ ಕಡೆಯಿಂದ ಬೋಲ್ಟಿನ ಮನೆಯವರೆಗೆ, ಅಂದರೆ ಬೋಲ್ಟ್ ಓಡಾಡುವ ಹಿಂಭಾಗದ ಲೋಹದ ಭಾಗದವರೆಗೆ, ಜಾರಿಸುತ್ತಾ ಬನ್ನಿ, ಹಾಗೆ ಜಾರಿಸುವಾಗ ಹಿಡಿಯನ್ನು ಚೀಲದ ಮೇಲೆ ಭಾರ ಬಿಟ್ಟು ಒರಗಿಸಿರಿ. ನೋಟು ಎಲ್ಲಿಯೂ ಸಿಕ್ಕಿಕೊಳ್ಳದೆ ಬಂದರೆ ಹಿಡಿ ಗಟ್ಟಿಯಾಗಿದೆ ಎಂದರ್ಥ. ಫೋರ್ಬ್ಸ್ ಇದಕ್ಕೆ ತದ್ವಿರುದ್ಧವಾಗಿ ನಳಿಗೆಯನ್ನು ಉದ್ದಕ್ಕೂ ಹಿಡಿಗೆ ತಾಕಿಸಿಯೇ ಕೂರಿಸುತ್ತಿದ್ದರು, ಆದರೆ ಅವರ ಹಿಡಿ ನಳಿಗೆಗೆ ಸಮನಾಗಿ ಬಿಗಿಯಾಗಿತ್ತು. ಆ ಧೈರ್ಯ ಎಲ್ಲ ಹಿಡಿಗೂ ಸಲ್ಲದು.

ಮುಂದಿನದು ನಳಿಗೆ, ಇಲ್ಲಿ ತುಸು ನಿಧಾನವಾಗಿ ಲೆಕ್ಕ ನೋಡೋಣ. ಈ ಊರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರೂ ಸಭೆಯಲ್ಲಿದ್ದೀರಿ, ನಿಮಗೆ ಲೋಹದ ಲೆಕ್ಕ ಹೊಸದಲ್ಲ. ತೂಕ ಇಳಿಸಲು ಎರಡು ದಾರಿ: ನಳಿಗೆಯನ್ನು ಗಿಡ್ಡ ಮಾಡುವುದು ಅಥವಾ ತೆಳ್ಳಗೆ ಮಾಡುವುದು. .308 ಎಂಬ ತೋಟಾದ ರೈಫಲಿನ ನಳಿಗೆ ಬಾಯಿಯ ಬಳಿ 15 ಮಿ.ಮೀ. ದಪ್ಪವಿದೆ ಎಂದುಕೊಳ್ಳಿ. ಅದರಿಂದ ಒಂದು ಅಂಗುಲ ಕತ್ತರಿಸಿದರೆ ಇಳಿಯುವುದು ಬರೀ 25 ಗ್ರಾಂ, ಕಳೆದುಕೊಳ್ಳುವುದು ಸೆಕೆಂಡಿಗೆ ಏಳೆಂಟು ಮೀಟರ್ ವೇಗ. ನಾಲ್ಕು ಅಂಗುಲ ಕತ್ತರಿಸಿದರೂ ಉಳಿತಾಯ ನೂರು ಗ್ರಾಂ ಅಷ್ಟೇ. ಗಿಡ್ಡ ನಳಿಗೆಯ ಉಪಯೋಗ ತೂಕಕ್ಕಿಂತ ಹೆಚ್ಚಾಗಿ ಬಂಡೆಗಳ ನಡುವೆ ತಗುಲದಂತೆ ನಡೆಯುವುದರಲ್ಲಿದೆ. ಇನ್ನು 17 ಮಿ.ಮೀ. ದಪ್ಪದ ನಳಿಗೆಯನ್ನು ಅರ್ಧ ಮೀಟರ್ ಉದ್ದಕ್ಕೂ 15 ಮಿ.ಮೀ.ಗೆ ಇಳಿಸಿದರೆ ಸುಮಾರು 200 ಗ್ರಾಂ ಉಳಿಯುತ್ತದೆ. ಆದರೆ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಹೊಂದಿಕೊಂಡಿರುವುದರಿಂದ, ಆ ಎರಡು ಮಿಲಿಮೀಟರಿನಲ್ಲಿ ಬಿಗಿತದ ನೂರಕ್ಕೆ ನಲವತ್ತು ಪಾಲು ಹೋಗಿಬಿಡುತ್ತದೆ. ತೆಳು ನಳಿಗೆ ಬೇಗ ಕಾಯುತ್ತದೆ, ಕಾಯುತ್ತಾ ಹೋದಂತೆ ಗುಂಡುಗಳು ಗುರಿಹಲಗೆಯ ಮೇಲೆ ಒಂದು ದಿಕ್ಕಿಗೆ ಸಾಲಾಗಿ ಸರಿಯುತ್ತವೆ. ಬೆಟ್ಟದಲ್ಲಿ ಇದು ಅಷ್ಟು ದೊಡ್ಡ ದೋಷವಲ್ಲ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯಿಂದ ಹೊರಟ ಮೊದಲ ಗುಂಡು. ಹತ್ತು ಗುಂಡಿನ ಗುಂಪನ್ನು ನೋಡಿ ತೆಳು ನಳಿಗೆಯನ್ನು ತಿರಸ್ಕರಿಸುವವರು ಸ್ಪರ್ಧೆಯ ಅಳತೆಗೋಲನ್ನು ತಪ್ಪು ಜಾಗಕ್ಕೆ ತಂದಿದ್ದಾರೆ. ಮೂರು ಗುಂಡು, ನಡುವೆ ನಳಿಗೆ ಆರುವಷ್ಟು ಬಿಡುವು, 100 ಮೀಟರಿಗೆ 4 ಸೆಂ.ಮೀ. ಒಳಗೆ ಬಿದ್ದರೆ ನನಗೆ ತೃಪ್ತಿ. 300 ಮೀಟರಿಗೆ ಅದು 12 ಸೆಂ.ಮೀ. ಆಗುತ್ತದೆ, ಥಾರ್‌ನ ಎದೆಯಲ್ಲಿ ಜೀವಾಳದ ಜಾಗ ಅದಕ್ಕಿಂತ ಅಗಲವಾಗಿದೆ.

ಈಗ ಕಾರ್ಬನ್ ನಾರು ಸುತ್ತಿದ ನಳಿಗೆಗಳ ಕಾಲ. ಅವುಗಳ ಬಗ್ಗೆ ಒಂದು ತಪ್ಪು ಕಲ್ಪನೆ ಹಬ್ಬಿದೆ. ಅಷ್ಟೇ ದಪ್ಪದ ಉಕ್ಕಿನ ನಳಿಗೆಗಿಂತ ಅವು ಖಂಡಿತ ಹಗುರ, ಆದರೆ ಪೆನ್ಸಿಲಿನಂಥ ತೆಳು ಉಕ್ಕಿನ ನಳಿಗೆಗಿಂತ ಎಷ್ಟೋ ಸಲ ಭಾರ. ದಪ್ಪ ನಳಿಗೆಯ ಬಿಗಿತ ಬೇಕು, ಅದರ ತೂಕ ಬೇಡ ಎನ್ನುವವರಿಗೆ ಅದು ತಕ್ಕದ್ದು. ಎಲ್ಲಕ್ಕಿಂತ ಹಗುರ ಬೇಕೆನ್ನುವವರಿಗೆ ಅದಕ್ಕೆ ಸುರಿಯುವ ಹಣ ದಂಡ.

ಬೋಲ್ಟ್ ಮತ್ತು ಅದರ ಮನೆಗೆ ಬಂದರೆ, ತೂಕ ಇಳಿಸುವ ಪ್ರಾಮಾಣಿಕ ಉಪಾಯ ಗಿಡ್ಡ ತೋಟಾವನ್ನು ಆರಿಸಿಕೊಳ್ಳುವುದು. .308ರ ಪೂರ್ಣ ತೋಟಾ 71 ಮಿ.ಮೀ. ಉದ್ದವಿದ್ದರೆ .30-06ರದು 85 ಮಿ.ಮೀ.; ಆ 14 ಮಿ.ಮೀ. ವ್ಯತ್ಯಾಸ ಬೋಲ್ಟಿನಲ್ಲಿ, ಅದರ ಮನೆಯಲ್ಲಿ, ತೋಟಾಗಳನ್ನು ತುಂಬಿಡುವ ಮ್ಯಾಗಜೀನಿನಲ್ಲಿ, ಹಿಡಿಯಲ್ಲಿ, ಎಲ್ಲ ಕಡೆಯೂ ಕಡಿತವಾಗಿ ಬರುತ್ತದೆ. ಟೈಟಾನಿಯಂ ಮನೆಯೂ ಸಿಗುತ್ತದೆ, ಉಕ್ಕಿನ ಸಾಂದ್ರತೆ 7.8 ಆದರೆ ಅದರದು 4.5. ಬೆಲೆ ಏರುತ್ತದೆ, ಲೋಹಕ್ಕೆ ಲೋಹ ಉಜ್ಜುವ ಕಡೆ ಟೈಟಾನಿಯಂ ಹಿಡಿದುಕೊಳ್ಳುವ ಗುಣದ್ದಾದ್ದರಿಂದ ಮೇಲ್ಮೈಗೆ ವಿಶೇಷ ಲೇಪನವೂ ಬೇಕು. ಬೋಲ್ಟಿನ ಮೇಲೆ ಕೊರೆದ ಸುರುಳಿ ತೋಡುಗಳು ಕಣ್ಣಿಗೆ ಚೆಂದ ಕಾಣುತ್ತವೆ, ಇಳಿಸುವ ತೂಕ ಅಲ್ಪ.

ಇಲ್ಲಿ ತೂಕಕ್ಕಿಂತ ನಡೆ ಮುಖ್ಯ. ಮೌಸರ್ ಮಾದರಿಯಲ್ಲಿ ಉದ್ದನೆಯ ಉಗುರು ತೋಟಾದ ಅಂಚನ್ನು ಮ್ಯಾಗಜೀನಿನಿಂದ ಮೇಲೇಳುವಾಗಲೇ ಹಿಡಿದುಕೊಳ್ಳುತ್ತದೆ. 1936ರ ವಿಂಚೆಸ್ಟರ್ ಮಾಡೆಲ್ 70 ಇದನ್ನೇ ಅನುಸರಿಸಿತು. 1962ರ ರೆಮಿಂಗ್ಟನ್ 700ರಲ್ಲಿ ಬೋಲ್ಟ್ ತೋಟಾವನ್ನು ತಳ್ಳುತ್ತದೆ, ಪೂರ್ತಿ ಮುಚ್ಚಿದ ಮೇಲಷ್ಟೇ ಹಿಡಿಯುತ್ತದೆ. ಇಳಿಜಾರಿನಲ್ಲಿ ಅಡ್ಡ ಮಲಗಿಯೋ ತಲೆಕೆಳಗಾಗಿ ಒರಗಿಯೋ ಬೋಲ್ಟ್ ತಿರುಗಿಸಬೇಕಾಗಿ ಬಂದಾಗ ಉಗುರಿನ ಕ್ರಮ ಹೆಚ್ಚು ನಂಬಿಕೆಯದು ಎನ್ನುವವರಿದ್ದಾರೆ. ಚೆನ್ನಾಗಿ ಮಾಡಿದ ತಳ್ಳುವ ಬೋಲ್ಟೂ ಕೈಕೊಡುವುದು ಅಪರೂಪವೆಂಬುದರಿಂದ, ಇದೊಂದರ ಮೇಲೆ ನಿರ್ಧಾರ ಮಾಡಲಾರೆ. ಅದಕ್ಕಿಂತ ಸೇಫ್ಟಿಯನ್ನು (ರೈಫಲ್ ಆಕಸ್ಮಿಕವಾಗಿ ಹಾರದಂತೆ ತಡೆಯುವ ಕೀಲಿಯನ್ನು) ನೋಡುತ್ತೇನೆ: ಸೇಫ್ಟಿ ಹಾಕಿದಾಗ ಬೋಲ್ಟಿನ ಹಿಡಿಕೆಯೂ ಬಿಗಿಯಾಗುವಂತಿರಬೇಕು, ಇಲ್ಲದಿದ್ದರೆ ಪೊದೆಗೆ ತಗುಲಿ ಅರ್ಧ ತೆರೆದುಕೊಳ್ಳುತ್ತದೆ.

ಇನ್ನು ಒದೆತ. ಹಗುರ ರೈಫಲಿನ ಜಾಹೀರಾತು ಬಾಯಿ ಬಿಡದ ಭಾಗ ಇದು. .308ರಲ್ಲಿ 9.7 ಗ್ರಾಂ ಗುಂಡು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಟರೆ, ಅದರ ಹಿಂದೆ ಸುಮಾರು 3 ಗ್ರಾಂ ಮದ್ದು ಅನಿಲವಾಗಿ ಇನ್ನೂ ವೇಗವಾಗಿ ಹೊರಡುತ್ತದೆ. ಎರಡರ ಸಂವೇಗ ಸೇರಿ (ಕೆ.ಜಿ.ಯನ್ನು ಸೆಕೆಂಡಿಗೆ ಮೀಟರ್ ವೇಗದಿಂದ ಗುಣಿಸಿದಾಗ) 12ರಷ್ಟಾಗುತ್ತದೆ. ರೈಫಲ್ 4 ಕೆ.ಜಿ. ಇದ್ದರೆ ಹೆಗಲಿಗೆ ಬರುವ ಶಕ್ತಿ ಸುಮಾರು 18 ಜೂಲ್, 2.5 ಕೆ.ಜಿ.ಗೆ ಇಳಿದರೆ 29 ಜೂಲ್. ಅದೇ ಹಗುರ ರೈಫಲಿಗೆ .300 ವಿಂಚೆಸ್ಟರ್ ಮ್ಯಾಗ್ನಮ್ ಹಾಕಿಸಿಕೊಂಡರೆ 50 ದಾಟುತ್ತದೆ. ಅಷ್ಟು ಒದೆತ ತಿಂದ ಹೆಗಲು ಮುಂದಿನ ಸಲ ಟ್ರಿಗರ್ ಎಳೆಯುವ ಮುಂಚೆಯೇ ಮುದುಡುತ್ತದೆ, ಕಣ್ಣು ಮುಚ್ಚುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಅಭ್ಯಾಸಕ್ಕೂ ಮನಸ್ಸು ಬರುವುದಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಣಿವೆಯಲ್ಲಿ ಕಳೆದುಕೊಳ್ಳುವುದಕ್ಕಿಂತ ಕೆಟ್ಟದ್ದು ಶಿಕಾರಿಯಲ್ಲಿ ಇನ್ನೊಂದಿಲ್ಲ, ಅಂಥ ಗುಂಡುಗಳಲ್ಲಿ ಎಷ್ಟೋ ಹೀಗೆ ಹೆದರಿದ ಹೆಗಲಿನಿಂದ ಹೊರಟವೇ.

ಆದ್ದರಿಂದ ರೈಫಲ್ ಹಗುರವಾದಷ್ಟೂ ತೋಟಾ ಸೌಮ್ಯವಾಗಬೇಕು. 1952ರ .308, ಅದರ ಕೊರಳನ್ನು ಕಿರಿದು ಮಾಡಿ 1980ರಲ್ಲಿ ತಂದ 7 ಎಂಎಂ-08, 2007ರ 6.5 ಕ್ರೀಡ್‌ಮೂರ್, ಇವು ಮೂರೂ ಗಿಡ್ಡ ಬೋಲ್ಟಿಗೆ ಹೊಂದುತ್ತವೆ, ಥಾರ್, ನೀಲಿ ಕುರಿಗಳಂಥ ಪ್ರಾಣಿಗೆ 300 ಮೀಟರಿನವರೆಗೆ ಸಾಲುತ್ತವೆ. ನಾನು ಆರಿಸುವುದಾದರೆ 7 ಎಂಎಂ-08. 1925ರ .270 ವಿಂಚೆಸ್ಟರ್ ಬೆಟ್ಟದ ಕುರಿ ಬೇಟೆಯಲ್ಲಿ ಹೆಸರು ಮಾಡಿದ್ದು, ಅದಕ್ಕೆ ಉದ್ದ ಬೋಲ್ಟ್ ಬೇಕು ಎಂಬುದನ್ನು ಬಿಟ್ಟರೆ ಇಂದಿಗೂ ಕೊರತೆಯಿಲ್ಲ. ಮಧ್ಯ ಏಷ್ಯಾದ ಪಾಮೀರ್ ಪರ್ವತಗಳಲ್ಲಿ 4,000 ಮೀಟರ್ ಎತ್ತರದಲ್ಲಿ ಇನ್ನೂ ದೂರ ಹೊಡೆಯಬೇಕಾಗುತ್ತದೆ ಎಂದು ವಾದಿಸುವವರಿಗೆ, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಇರುವುದರಿಂದ ಸಾದಾ ತೋಟಾವೇ ಹೆಚ್ಚು ನೇರವಾಗಿ ಹೋಗುತ್ತದೆಂದು ನೆನಪಿಸಬೇಕು. ನಳಿಗೆಯ ಬಾಯಿಗೆ ತೂತುಗಳ ಬ್ರೇಕ್ ಹಾಕಿದರೆ ಒದೆತ ತಗ್ಗುವುದು ನಿಜ, ಆದರೆ ಮೊದಲೇ 160 ಡೆಸಿಬಲ್ ಆಸುಪಾಸಿನ ಸದ್ದು ಪಕ್ಕದಲ್ಲಿ ಮಲಗಿರುವ ಜೊತೆಗಾರನ ಕಿವಿಗೆ ಇನ್ನಷ್ಟು ಬಡಿಯುತ್ತದೆ. ನ್ಯೂಜಿಲೆಂಡಿನಂತೆ ಸದ್ದಡಗಿಸುವ ಕೊಳವೆಗೆ ಕಾನೂನಿನ ಅನುಮತಿಯಿರುವ ಕಡೆ ಅದೇ ಮೇಲು. ಮುನ್ನೂರು, ನಾನೂರು ಗ್ರಾಂ ಹೆಚ್ಚಾದರೂ ಆ ತೂಕ ಮುಂಭಾಗದಲ್ಲಿ ಕುಳಿತು, ಹಗುರ ರೈಫಲಿಗೆ ಸಹಜವಾದ ಓಲಾಟವನ್ನೂ ತಡೆಯುತ್ತದೆ.

ಓಲಾಟಕ್ಕೆ ಟ್ರಿಗರ್ ಕೂಡ ಕಾರಣ. ಎರಡೂವರೆ ಕೆ.ಜಿ.ಯ ರೈಫಲಿನ ಟ್ರಿಗರ್ ಎಳೆಯಲು ಎರಡು ಕೆ.ಜಿ. ಬಲ ಬೇಕೆಂದರೆ ಬೆರಳು ರೈಫಲನ್ನೇ ಸರಿಸುತ್ತದೆ. ಒಂದರಿಂದ ಒಂದೂಕಾಲು ಕೆ.ಜಿ.ಗೆ ಹೊಂದಿಸಿಕೊಳ್ಳಿ, ಅದಕ್ಕಿಂತ ಕಡಿಮೆಯಾದರೆ ಕೈಗವಸು ತೊಟ್ಟ, ಚಳಿಗೆ ಮರಗಟ್ಟಿದ ಬೆರಳಿಗೆ ಅಪಾಯ.

ಸ್ಕೋಪಿನ ಬಗ್ಗೆ ತೂಕದ ಮಾತು ಆಗಲೇ ಆಯಿತು. ಬೆಟ್ಟದಲ್ಲಿ ಕಣ್ಣಿಗೂ ಗಾಜಿಗೂ ನಡುವೆ ಇರುವ ಅಂತರ ಇನ್ನೊಂದು ಮುಖ್ಯ ಸಂಗತಿ. ಮೇಲ್ಮುಖವಾಗಿ ಹೊಡೆಯುವಾಗ ಕತ್ತು ತಾನಾಗಿ ಮುಂದೆ ಚಾಚುತ್ತದೆ, ಹಗುರ ರೈಫಲ್ ಜೋರಾಗಿ ಹಿಂದೆ ಬರುತ್ತದೆ, ಸ್ಕೋಪಿನ ಅಂಚು ಹುಬ್ಬನ್ನು ಅರ್ಧಚಂದ್ರಾಕಾರವಾಗಿ ಸೀಳುತ್ತದೆ. ಒಂಬತ್ತು ಸೆಂ.ಮೀ.ಗಿಂತ ಹೆಚ್ಚು ಅಂತರ ಕೊಡುವ ಸ್ಕೋಪನ್ನು ಆರಿಸಿ, ಮುಂದಕ್ಕೆ ಸರಿಸಿ ಕೂರಿಸಬೇಕು. ಏರಿಳಿತದಲ್ಲಿ ಗುಂಡು ಬೀಳುವುದು ಅಡ್ಡ ದೂರದ ಲೆಕ್ಕಕ್ಕೆ, ಕಣ್ಣಿಗೆ ಕಾಣುವ ದೂರಕ್ಕಲ್ಲ. 30 ಡಿಗ್ರಿ ಇಳಿಜಾರಿನಲ್ಲಿ 300 ಮೀಟರ್ ಎಂದು ತೋರಿದರೆ 260 ಎಂದುಕೊಂಡು ಹೊಡೆಯಬೇಕು. 200 ಮೀಟರಿಗೆ ಹೊಂದಿಸಿದ .308ರಲ್ಲಿ ಈ ಲೆಕ್ಕ ಮರೆತರೆ ಗುಂಡು ಸುಮಾರು 10 ಸೆಂ.ಮೀ. ಮೇಲೆ ಹೋಗುತ್ತದೆ, ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ತಪ್ಪು ಮೇಲ್ಗಡೆಗೇ.

ಒಟ್ಟಾರೆ, ಬರೀ ರೈಫಲ್ 2.6ರಿಂದ 2.9 ಕೆ.ಜಿ., ಎಲ್ಲ ಸೇರಿ 3.5 ಕೆ.ಜಿ., ಇದರ ಆಚೀಚೆ ಇರುವುದನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ಕೆಳಗಿಳಿಯುವ ಪ್ರತಿ ನೂರು ಗ್ರಾಮಿಗೂ ಬೆಲೆ ಏರುತ್ತಾ, ಗುರಿ ಹಿಡಿಯುವ ನೆಮ್ಮದಿ ಇಳಿಯುತ್ತಾ ಹೋಗುತ್ತದೆ. ಏದುಸಿರು ಬಿಡುತ್ತಾ ದಿಣ್ಣೆ ಹತ್ತಿ ಬಿದ್ದುಕೊಂಡವನ ಎದೆ ಬಡಿತಕ್ಕೆ ಎರಡು ಕೆ.ಜಿ.ಯ ರೈಫಲಿನ ಬಾಯಿ ಹೇಗೆ ಕುಣಿಯುತ್ತದೆಂಬುದನ್ನು ಅಂಗಡಿಯ ಕೌಂಟರಿನ ಮುಂದೆ ನಿಂತು ಅಂದಾಜು ಮಾಡಲಾಗದು.

ಸಭೆಯಲ್ಲಿ ಹಿರಿಯರೊಬ್ಬರು, ನಮ್ಮಲ್ಲಿ ಪರವಾನಗಿಯ ಮೇಲೆ ಸಿಗುವ .315 ರೈಫಲ್ ಈ ಕೆಲಸಕ್ಕೆ ಆಗುವುದಿಲ್ಲವೇ ಎಂದು ಕೇಳಿದರು. ಇಶಾಪುರದ ಕಾರ್ಖಾನೆಯ ಆ ರೈಫಲ್ ಲೀ ಎನ್‌ಫೀಲ್ಡ್ ವಿನ್ಯಾಸದ್ದು, ತೋಟಾ ಹಳೆಯ ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಕರ್ ತೋಟಾದ ಸಂತತಿ. ಸೈನ್ಯದ .303 ನಾಗರಿಕರಿಗೆ ನಿಷಿದ್ಧ ಅಳತೆಯಾದ್ದರಿಂದ ಅದರ ಜಾಗ ತುಂಬಲು ಬಂದದ್ದು. ಬೋಲ್ಟಿನ ಬಿಗಿಯುವ ಹಲ್ಲುಗಳು ಹಿಂಭಾಗದಲ್ಲಿವೆ, ಗುಂಡು ದಪ್ಪ ಮತ್ತು ನಿಧಾನ, ಸ್ಕೋಪ್ ಕೂರಿಸಲು ಮೇಲ್ಭಾಗ ಅನುಕೂಲವಾಗಿಲ್ಲ. ಗಟ್ಟಿಮುಟ್ಟಾದ ರೈಫಲ್ ಅದು, ಆದರೆ ಬೆಟ್ಟದ ದೂರದ ಗುರಿಗೆ ಹುಟ್ಟಿದ್ದಲ್ಲ.

ಮತ್ತೊಬ್ಬರು ಹೊರದೇಶದಲ್ಲಿರುವ ಮಗನಿಗಾಗಿ, ಬಳಸಿದ ರೈಫಲ್ ಕೊಳ್ಳುವಾಗ ಏನು ನೋಡಬೇಕೆಂದು ಕೇಳಿದರು. ಮೊದಲು ಬೋಲ್ಟ್ ತೆಗೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟಿನ ಮುಂದಿನ ಎರಡು ಹಲ್ಲುಗಳ ಹಿಂಬದಿಯನ್ನು ಬೆಳಕಿಗೆ ಹಿಡಿಯಬೇಕು. ಎರಡರ ಮೇಲೂ ಒಂದೇ ತೆರನಾದ ಹೊಳಪು ಇದ್ದರೆ ಎರಡೂ ಭಾರ ಹೊರುತ್ತಿವೆ. ಒಂದು ಹೊಳೆಯುತ್ತಾ ಇನ್ನೊಂದರ ಮೇಲೆ ಕಾರ್ಖಾನೆಯ ಕಪ್ಪು ಹಾಗೇ ಉಳಿದಿದ್ದರೆ, ಮಾರುವವರ ಒಪ್ಪಿಗೆ ಪಡೆದು ಎರಡು ಲೋಹಗಳು ತಾಕುವ ಜಾಗ ಕಂಡುಹಿಡಿಯಲು ನಾವು ಟೂಲ್‌ರೂಮಿನಲ್ಲಿ ಹಚ್ಚುವ ನೀಲಿ ಬಣ್ಣವನ್ನೇ ತೆಳುವಾಗಿ ಹಚ್ಚಿ, ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಕೆಲವು ಸಲ ಮುಚ್ಚಿ ತೆರೆದು ನೋಡಬೇಕು. ನೀಲಿ ಒಂದರಲ್ಲಿ ಮಾತ್ರ ಅಳಿಸಿದರೆ ಆ ರೈಫಲ್ ಬೇಡ. ನಂತರ ನಳಿಗೆಯ ಬಾಯಿ. ಬೆಟ್ಟದಲ್ಲಿ ತಿರುಗಿದ ರೈಫಲಿನ ಬಾಯಿ ಬಂಡೆಗೆ ತಾಕಿರುವ ಸಂಭವ ಹೆಚ್ಚು. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಒಳಗಿನಿಂದ ಹೊರಗೆ ಅಂಚಿನ ಸುತ್ತಲೂ ಎಳೆದಾಗ ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂರು ಎದ್ದಿದೆ. ಅದಕ್ಕೆ ಹೆದರಬೇಕಾಗಿಲ್ಲ; ಬಲ್ಲ ಕುಶಲಕರ್ಮಿ ಲೇಥಿನಲ್ಲಿ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾನೆ, ಬೆಲೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಸಿಕೊಂಡರಾಯಿತು.